ಇಂಗ್ಲಿಷ್ ಕಲಿಸೋಕೆ ಹೊರದೇಶಕ್ಕೆ: ಥೈಲ್ಯಾಂಡಾ, ದುಬೈಯಾ, ವಿಯೆಟ್ನಾಮಾ, ಮಾಲ್ಡೀವ್ಸಾ?

ಕಹಿ ವಿಷಯ ಮೊದಲೇ ಹೇಳಿಬಿಡ್ತೀನಿ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸೋ ಕೆಲಸ ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಸಿಗೋ ವಿಡಿಯೋಗಳು ಹೆಚ್ಚಿನವು ಅಮೆರಿಕದವರು, ಬ್ರಿಟನ್ನಿನವರು, ದಕ್ಷಿಣ ಆಫ್ರಿಕಾದವರು ಮಾಡಿರೋದು, ಅವರು ಏನಂತಾರೆ ಅಂದ್ರೆ ಯಾವುದಾದ್ರೂ ಒಂದು ಡಿಗ್ರಿ ಇರಲಿ, ಆನ್‌ಲೈನಲ್ಲಿ ಇಂಗ್ಲಿಷ್ ಕಲಿಸೋ ತರಬೇತಿಯ ಟೆಫಲ್ ಅನ್ನೋ ಒಂದು ಸರ್ಟಿಫಿಕೇಟ್ ಮಾಡ್ಕೊಳ್ಳಿ, ವಿಮಾನ ಹತ್ತಿ, ಮುಗೀತು. ಅವರ ಪಾಸ್‌ಪೋರ್ಟಿಗೆ ಅದು ಸರಿ. ನಮ್ಮದಕ್ಕೆ ಆ ಲೆಕ್ಕ ಹೊಂದಲ್ಲ. ಎಷ್ಟೋ ಕಡೆ ನೇಟಿವ್ ಸ್ಪೀಕರ್, ಅಂದ್ರೆ ಇಂಗ್ಲಿಷ್ ಹುಟ್ಟುಭಾಷೆ ಆಗಿರೋರು, ಬೇಕು ಅಂದ್ರೆ ನೀವು ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತೀರ ಅಂತ ನೋಡಲ್ಲ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡ್ತಾರೆ ಅಷ್ಟೇ. ಊಟಿ ಬೋರ್ಡಿಂಗ್ ಸ್ಕೂಲಲ್ಲಿ ಓದಿದ್ರೂ ಒಂದೇ, ಊರ ಸರ್ಕಾರಿ ಶಾಲೇಲಿ ಓದಿದ್ರೂ ಒಂದೇ.

ಹಾಗಾಗಿ ಯಾವ ದೇಶ ಚೆಂದ, ಎಲ್ಲಿ ಬೀಚ್ ಇದೆ ಅಂತ ಹೋಲಿಸೋಕೆ ಶುರು ಮಾಡಬೇಡಿ. ಎರಡೇ ಪ್ರಶ್ನೆ ಹಾಕ್ಕೊಳ್ಳಿ: ಭಾರತದ ಪಾಸ್‌ಪೋರ್ಟ್ ಇರೋರಿಗೆ ಆ ದೇಶ ಈ ಕೆಲಸಕ್ಕೆ ಕಾನೂನು ಪ್ರಕಾರ ವರ್ಕ್ ಪರ್ಮಿಟ್ ಕೊಡುತ್ತಾ, ಮತ್ತೆ ನಿಮ್ಮ ಕೈಲಿ ಬಿ.ಎಡ್ ಇದೆಯಾ ಇಲ್ವಾ. ಈ ಎರಡಕ್ಕೆ ಉತ್ತರ ಸಿಕ್ತು ಅಂದ್ರೆ ಅರ್ಧಕ್ಕರ್ಧ ದೇಶಗಳು ತಾವಾಗೇ ಲಿಸ್ಟಿಂದ ಉದುರಿ ಹೋಗ್ತವೆ, ಉಳಿದವುಗಳಲ್ಲಿ ಸಂಬಳ, ಊಟ, ಮನೆ ಇದೆಲ್ಲ ನೋಡಬಹುದು.

ಮೊದಲು ಉದುರೋ ದೇಶಗಳು

ಕೊರಿಯಾ. ಅಲ್ಲಿ ಇಂಗ್ಲಿಷ್ ಕಲಿಸೋರಿಗೆ ಕೊಡೋದು ಇ-2 ವೀಸಾ, ಅದು ಮಾಮೂಲಾಗಿ ಏಳು ದೇಶದವರಿಗೆ ಮಾತ್ರ: ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ನಮ್ಮ ಟೀಚರ್‌ಗಳಿಗೂ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ, ಆದ್ರೆ ಅದು ಇಂಗ್ಲಿಷ್ ಟೀಚರ್ ಅಂತ ಅರ್ಹತೆ ಇರೋರಿಗೆ, ಸಹಾಯಕ ಶಿಕ್ಷಕರ ಕೆಲಸಕ್ಕೆ. ಸಿಯೋಲಿನ ಗಲ್ಲಿಗಲ್ಲಿಯಲ್ಲಿ ಇರೋ ಟ್ಯೂಷನ್ ಸೆಂಟರ್ ಕೆಲಸವನ್ನ ನೆಚ್ಚಿಕೊಂಡು ಯಾರೂ ಕೂರಬೇಡಿ.

ಚೀನಾ ಇನ್ನೂ ಬಿಗಿ. ನೇಟಿವ್ ದೇಶದ ಪಾಸ್‌ಪೋರ್ಟ್, ಇಲ್ಲಾಂದ್ರೆ ಅಂಥ ದೇಶದಲ್ಲಿ ಮಾಡಿರೋ ಡಿಗ್ರಿ ಕೇಳ್ತಾರೆ. 2021ರ ಜುಲೈಯಲ್ಲಿ ಸರ್ಕಾರ ಟ್ಯೂಷನ್ ಉದ್ಯಮದ ಮೇಲೇ ಕೈಯಿಟ್ಟ ಮೇಲೆ ಎಷ್ಟೋ ಇಂಗ್ಲಿಷ್ ಸೆಂಟರ್‌ಗಳು ಬಾಗಿಲು ಹಾಕಿದ್ವು. ಸ್ಟೂಡೆಂಟ್ ವೀಸಾದಲ್ಲೋ ಬಿಸಿನೆಸ್ ವೀಸಾದಲ್ಲೋ ಬಂದು ಪಾಠ ಮಾಡಿ, ಆಮೇಲೆ ಸರಿ ಮಾಡ್ಕೊಳ್ಳೋಣ ಅನ್ನೋ ಏಜೆಂಟ್ ಸಿಕ್ಕಿದ್ರೆ ಫೋನ್ ಇಟ್ಟುಬಿಡಿ, ಸಿಕ್ಕಿಬಿದ್ರೆ ಒಳಗೆ ಕೂರೋದು, ಗಡೀಪಾರಾಗೋದು ನೀವು, ಏಜೆಂಟ್ ಅಲ್ಲ.

ಜಪಾನಿನ ನಿಯಮ ನಮ್ಮ ಕನ್ನಡ ಮೀಡಿಯಂನವರಿಗೆ ನೇರವಾಗಿ ತಾಗುತ್ತೆ. ನೇಟಿವ್ ದೇಶದವರು ಅಲ್ದೇ ಇದ್ರೆ ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರೋದಕ್ಕೆ ದಾಖಲೆ ಬೇಕು. ಒಂದನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿ ತನಕ ಹತ್ತು, ಪಿಯುಸಿ ಎರಡು, ಡಿಗ್ರಿ ಮೂರು, ಇಷ್ಟೂ ಇಂಗ್ಲಿಷ್ ಮೀಡಿಯಂ ಆಗಿದ್ರೆ ಸಲೀಸು, ಶಾಲೆಯಿಂದ, ಕಾಲೇಜಿಂದ ಮಾಧ್ಯಮದ ಸರ್ಟಿಫಿಕೇಟ್ ಬರೆಸ್ಕೊಂಡು ಇಟ್ಕೊಳ್ಳಿ. ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿ ಪಿಯುಸಿಯಿಂದ ಇಂಗ್ಲಿಷಿಗೆ ಬಂದವರಿಗೆ ಎಂ.ಎ, ಬಿ.ಎಡ್ ಎಲ್ಲ ಸೇರಿಸಿದ್ರೂ ಹನ್ನೆರಡು ತುಂಬೋದು ಕಷ್ಟ. ಇಂಗ್ಲಿಷನ್ನ ಎರಡನೇ ಭಾಷೆಯಾಗಿ ಕಷ್ಟಪಟ್ಟು ಕಲಿತವನಿಗೇ ಅದನ್ನ ಕಲಿಸೋ ಕಷ್ಟ ಚೆನ್ನಾಗಿ ಗೊತ್ತಿರೋದು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಇಮಿಗ್ರೇಷನ್ ಕೌಂಟರಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಲ್ಲ.

ಇಂಗ್ಲೆಂಡ್ ಬಗ್ಗೆ ಒಂದೇ ಮಾತು. 2023ರಿಂದ ಭಾರತದ ಟೀಚರ್‌ಗಳೂ ಅಲ್ಲಿನ ಕ್ಯೂಟಿಎಸ್ ಅನ್ನೋ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕಬಹುದು ಅಂತ ಸುದ್ದಿ ಬಂತಲ್ಲ, ಅದು ಗಣಿತ, ವಿಜ್ಞಾನ, ಫ್ರೆಂಚ್-ಜರ್ಮನ್ ಥರದ ವಿದೇಶಿ ಭಾಷೆ ಕಲಿಸೋರಿಗೆ. ಇಂಗ್ಲಿಷ್ ಮೇಷ್ಟ್ರಿಗಲ್ಲ. ಅಮೆರಿಕಕ್ಕೆ ಜೆ-1 ಟೀಚರ್ ವೀಸಾ ಇದೆ, ಎರಡು ವರ್ಷ ಪಾಠ ಮಾಡಿದ ಅನುಭವ ಬೇಕೇ ಬೇಕು, ಮೂರು ವರ್ಷದ ಅವಧಿ, ಅದು ಬೇರೆಯೇ ದೊಡ್ಡ ಕತೆ.

ಬಿ.ಎಡ್ ಇಲ್ಲ, ಡಿಗ್ರಿ ಇದೆ ಅನ್ನೋರಿಗೆ: ಥೈಲ್ಯಾಂಡ್

ನಾನು ಯಾರೇ ಕೇಳಿದ್ರೂ ಮೊದಲು ಹೇಳೋ ಹೆಸರು ಇದೇ. ಸಂಬಳ ಜಾಸ್ತಿ ಅಂತ ಅಲ್ಲ. ದಾರಿ ಸ್ಪಷ್ಟವಾಗಿದೆ ಅಂತ. ಶಾಲೆ ನಿಮ್ಮನ್ನ ಆರಿಸಿ ಕಾಗದ ಕಳಿಸುತ್ತೆ, ನೀವು ಇಲ್ಲಿಂದಲೇ ನಾನ್-ಇಮಿಗ್ರೆಂಟ್ ಬಿ ವೀಸಾ ಮಾಡಿಸ್ಕೊಂಡು ಹೋಗ್ತೀರ, ಅಲ್ಲಿ ಹೋದ ಮೇಲೆ ವರ್ಕ್ ಪರ್ಮಿಟ್ ಆಗುತ್ತೆ, ಅವರ ಶಿಕ್ಷಕರ ಮಂಡಳಿ ಕುರುಸಪಾ ಅಂತ ಇದೆ, ಬಿ.ಎಡ್ ಇಲ್ಲದವರಿಗೆ ಅದು ತಾತ್ಕಾಲಿಕ ಅನುಮತಿ ಕೊಡುತ್ತೆ. ನಾವು ನೇಟಿವ್ ಅಲ್ಲದ ಕಾರಣ ಇಂಗ್ಲಿಷ್ ಪರೀಕ್ಷೆಯ ಸ್ಕೋರ್ ಕೇಳ್ತಾರೆ, ಸಾಮಾನ್ಯವಾಗಿ ಟೋಯಿಕ್‌ನಲ್ಲಿ 600 ಅಥವಾ ಐಇಎಲ್‌ಟಿಎಸ್‌ನಲ್ಲಿ ಅದಕ್ಕೆ ಸಮ ಆಗೋ ಬ್ಯಾಂಡ್. ಎರಡೂ ಸ್ಕೋರಿಗೆ ಎರಡೇ ವರ್ಷ ಬೆಲೆ, ಅದಕ್ಕೆ ಹೊರಡೋದು ಗಟ್ಟಿ ಆಗೋಕೆ ಮುಂಚೆ ಪರೀಕ್ಷೆ ಬರೆದು ದುಡ್ಡು ಕಳ್ಕೋಬೇಡಿ.

ಸಂಬಳದ ವಿಷಯ ಬಿಚ್ಚಿ ಹೇಳ್ತೀನಿ. ಒಂದೇ ಶಾಲೆ, ಒಂದೇ ಕ್ಲಾಸು, ಒಂದೇ ಪುಸ್ತಕ, ನೇಟಿವ್ ದೇಶದ ಪಾಸ್‌ಪೋರ್ಟಿನವನಿಗೆ 35-40 ಸಾವಿರ ಬಾತ್, ನಮಗೂ ಫಿಲಿಪೀನ್ಸ್‌ನವರಿಗೂ 20-25 ಸಾವಿರ. ಜಾಹೀರಾತಲ್ಲೇ ಎರಡು ದರ ಹಾಕಿರ್ತಾರೆ, ಮುಚ್ಚುಮರೆ ಏನಿಲ್ಲ. ಒಂದು ಬಾತಿಗೆ ಎರಡೂವರೆ ಮೂರು ರೂಪಾಯಿ ಮಧ್ಯೆ ಅಂತ ಹಿಡಿದ್ರೆ ತಿಂಗಳಿಗೆ ಐವತ್ತರಿಂದ ಎಪ್ಪತ್ತೈದು ಸಾವಿರ ರೂಪಾಯಿ. ಬ್ಯಾಂಕಾಕಲ್ಲಿ ಇದು ಕೈಗೂ ಬಾಯಿಗೂ ಸರಿಹೋಗುತ್ತೆ, ಖೋನ್ ಕೇನ್, ಉಡೋನ್ ಥಾನಿ ಥರ ಈಶಾನ್ಯದ ಈಸಾನ್ ಕಡೆ ಊರುಗಳಾದ್ರೆ ಬಾಡಿಗೆ ಕಮ್ಮಿ, ಸ್ವಲ್ಪ ಉಳಿಯುತ್ತೆ. ಮೋಸ ಹೋಗೋ ಜಾಗ ಇನ್ನೊಂದಿದೆ: ಏಜೆನ್ಸಿ ಮೂಲಕ ಹೋದ್ರೆ ಎಷ್ಟೋ ಸಲ ಹತ್ತು ತಿಂಗಳ ಕಾಂಟ್ರಾಕ್ಟ್, ಮಾರ್ಚ್‌ಗೆ ಶಾಲೆ ಮುಗಿದ ಮೇಲೆ ಮೇ ಮಧ್ಯದ ತನಕ ಸಂಬಳ ಇಲ್ಲ, ಕೆಲವರು ಅಕ್ಟೋಬರ್ ರಜೆಗೂ ಕೊಡಲ್ಲ. ಶಾಲೆಯೇ ನೇರವಾಗಿ ಹನ್ನೆರಡು ತಿಂಗಳಿಗೆ ಕೊಡೋ 22 ಸಾವಿರ, ಏಜೆನ್ಸಿ ಹತ್ತು ತಿಂಗಳಿಗೆ ಕೊಡೋ 25 ಸಾವಿರಕ್ಕಿಂತ ಮೇಲು, ಬೇಕಾದ್ರೆ ಗುಣಿಸಿ ನೋಡಿ.

ಕೆಲಸ ಹೇಗಿರುತ್ತೆ ಅಂದ್ರೆ, ಬೆಳಗ್ಗೆ ಎಂಟಕ್ಕೆ ಧ್ವಜಾರೋಹಣ, ಎಲ್ಲರೂ ಸಾಲಾಗಿ ನಿಂತು ರಾಷ್ಟ್ರಗೀತೆ, ಟೀಚರ್‌ಗಳೂ ಹಾಜರಿರಬೇಕು. ಸೋಮವಾರ ಹಳದಿ ಶರ್ಟು ಹಾಕೋ ಶಾಲೆಗಳು ಬೇಕಾದಷ್ಟಿವೆ, ರಾಜ ಹುಟ್ಟಿದ ವಾರದ ಬಣ್ಣ ಅದು. ಸರ್ಕಾರಿ ಶಾಲೆಯಾದ್ರೆ ಒಂದು ಕ್ಲಾಸಲ್ಲಿ ನಲವತ್ತು ಮಕ್ಕಳಿಗೆ ಕಮ್ಮಿ ಇರಲ್ಲ, ನೀವು ಒಳಗೆ ಕಾಲಿಟ್ಟ ತಕ್ಷಣ ಲೀಡರ್ ಹುಡುಗಿ ಎದ್ದು ಒಂದು ಕೂಗು ಹಾಕ್ತಾಳೆ, ಉಳಿದವರು ಎದ್ದು ನಿಂತು ರಾಗವಾಗಿ ಗುಡ್ ಮಾರ್ನಿಂಗ್ ಟೀಚರ್ ಅಂತಾರೆ, ಹೌ ಆರ್ ಯು ಅಂದ್ರೆ ಐಯಾಮ್ ಫೈನ್ ಥ್ಯಾಂಕ್ಯೂ ಅಂಡ್ ಯು ಅಂತ ಒಂದೇ ಉಸಿರಿಗೆ. ಅಲ್ಲಿಗೆ ಬಾಯಿಪಾಠ ಖಾಲಿ. ಆಮೇಲಿನದು ನಿಮ್ಮ ಪಾಡು. ನಮ್ಮ ಕಡೆ ಗ್ರಾಮರ್ ಬೋರ್ಡ್ ಮೇಲೆ ಬರೆಸಿ ಅಭ್ಯಾಸ ಇರೋರಿಗೆ ಇದು ಮೊದಲು ಒಗ್ಗಲ್ಲ, ಅಲ್ಲಿ ಬೇಕಿರೋದು ಆಟ, ಚಿತ್ರ, ಹಾಡು, ಮಕ್ಕಳ ಬಾಯಿಂದ ಎರಡು ಮಾತು ಹೊರಡಿಸೋದು.

ಕಾಗದದ ಕಾಟ ಅಲ್ಲಿ ಹೋದ ಮೇಲೂ ಬಿಡಲ್ಲ. ತೊಂಬತ್ತು ದಿನಕ್ಕೊಮ್ಮೆ ಇಮಿಗ್ರೇಷನ್ನಿಗೆ ವಿಳಾಸ ತಿಳಿಸಬೇಕು. ವೀಸಾ ವಿಸ್ತರಣೆಗೆ 1,900 ಬಾತ್. ದಸರಾಕ್ಕೋ ಅಕ್ಕನ ಮದುವೆಗೋ ಊರಿಗೆ ಬರೋರು 1,000 ಬಾತ್ ಕಟ್ಟಿ ರೀ-ಎಂಟ್ರಿ ಪರ್ಮಿಟ್ ತಗೊಳ್ಳದೇ ವಿಮಾನ ಹತ್ತಿದ್ರೆ ವಿಸ್ತರಣೆ ರದ್ದಾಗಿ ಹೋಗುತ್ತೆ, ಮತ್ತೆ ಮೊದಲಿಂದ ಶುರು. ಊಟಕ್ಕೆ ಸಸ್ಯಾಹಾರಿಗಳಿಗೆ ಒಂದು ಸುಳಿವು, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಅಂತ ಬರೆದಿರೋ ಅಂಗಡಿ ಹುಡುಕಿ, ಮಿಕ್ಕ ಕಡೆ ಬರೀ ಸೊಪ್ಪು ಹಾಕಿ ಅಂದ್ರೂ ಮೀನಿನ ಸಾಸ್ ಬಿದ್ದೇ ಬೀಳುತ್ತೆ.

ವಿಯೆಟ್ನಾಂ, ಕಾಂಬೋಡಿಯಾ

ವಿಯೆಟ್ನಾಮಲ್ಲಿ ಗಂಟೆ ಲೆಕ್ಕದ ಸಂಬಳ ಥೈಲ್ಯಾಂಡಿಗಿಂತ ಚೆನ್ನಾಗಿರುತ್ತೆ, ಹನೋಯ್, ಹೋ ಚಿ ಮಿನ್ ಸಿಟಿಯಲ್ಲಿ ಸೆಂಟರ್‌ಗಳು ಸಾಕಷ್ಟಿವೆ. ಆದ್ರೆ ಕೆಲಸ ಬಹುಪಾಲು ಸಂಜೆ ಮತ್ತೆ ಶನಿವಾರ ಭಾನುವಾರ, ಮಕ್ಕಳು ಶಾಲೆ ಮುಗಿಸಿ ಬರಬೇಕಲ್ಲ. ವರ್ಕ್ ಪರ್ಮಿಟಿಗೆ ಡಿಗ್ರಿ, ಟೆಫಲ್ ಥರದ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್ ಎಲ್ಲ ಬೇಕು, ಬಿ.ಎ ಅಥವಾ ಎಂ.ಎ ಇಂಗ್ಲಿಷ್ ಆಗಿದ್ರೆ ನಮ್ಮವರಿಗೆ ಅನುಕೂಲ, ಬಿ.ಕಾಂ ಇಟ್ಕೊಂಡು ಹೋದ್ರೆ ಸೆಂಟರ್‌ನವರು ಹಿಂದೆಮುಂದೆ ನೋಡ್ತಾರೆ. ಇ-ವೀಸಾದಲ್ಲಿ ಬನ್ನಿ, ಪರ್ಮಿಟ್ ಆಮೇಲೆ ಮಾಡ್ಸೋಣ ಅನ್ನೋ ಮಾತು ಅಲ್ಲಿ ತುಂಬಾ ಕೇಳಿಸುತ್ತೆ. ಆ 'ಆಮೇಲೆ' ಯಾವಾಗ ಅಂತ ಬರೆದು ಕೊಡಿ ಅಂತ ಕೇಳಿ.

ಕಾಂಬೋಡಿಯಾ ಒಳಗೆ ಹೋಗೋದು ಸುಲಭ, 'ಇ ಕ್ಲಾಸ್' ವೀಸಾ ಅಂತ ಕೊಡ್ತಾರೆ, ಅದನ್ನೇ ಅಲ್ಲಿ ವಿಸ್ತರಿಸ್ಕೊಂಡು ವರ್ಕ್ ಪರ್ಮಿಟ್ ಮಾಡಿಸ್ಕೊಳ್ಳೋದು. ಸಂಬಳ ಡಾಲರಲ್ಲಿ, ಆದ್ರೆ ಕಮ್ಮಿ. ಒಂದೆರಡು ವರ್ಷ ಅನುಭವ ಆಗ್ಲಿ ಅನ್ನೋರಿಗೆ ರಾಜಧಾನಿ ನಾಮ್ ಪೆನ್ ಪರವಾಗಿಲ್ಲ.

ಈ ಭಾಗದ ಬಗ್ಗೆ ಇನ್ನೊಂದು ಮಾತು, ಇದನ್ನ ಓದದೇ ಮುಂದೆ ಹೋಗಬೇಡಿ. ಬ್ಯಾಂಕಾಕಲ್ಲಿ ಕೆಲಸ, ಟೂರಿಸ್ಟ್ ಆಗಿ ಬನ್ನಿ, ಟಿಕೆಟ್ ನಮ್ಮದು ಅಂತ ಕರೆಸ್ಕೊಂಡು, ಅಲ್ಲಿಂದ ಕಾರಲ್ಲಿ ಮೇ ಸೋತ್ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಗೆ ಸಾಗಿಸಿ ಸೈಬರ್ ವಂಚನೆ ಕೆಲಸಕ್ಕೆ ಕೂರಿಸಿದ ಪ್ರಕರಣಗಳಲ್ಲಿ ನಮ್ಮ ದೇಶದವರು ನೂರಾರು ಜನ ಸಿಕ್ಕಿಹಾಕ್ಕೊಂಡಿದ್ರು. ಲಾವೋಸಿನ ಗೋಲ್ಡನ್ ಟ್ರಯಾಂಗಲ್, ಕಾಂಬೋಡಿಯಾದ ಸಿಹಾನೂಕ್‌ವಿಲ್ ಕತೆಯೂ ಅದೇ. ನಮ್ಮ ವಿದೇಶಾಂಗ ಇಲಾಖೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಗುರುತು ಹಿಡಿಯೋದು ಹೇಗೆ: ನಿಜವಾದ ಶಾಲೆ ಡೆಮೋ ಕ್ಲಾಸ್ ಮಾಡಿ ತೋರಿಸಿ ಅನ್ನುತ್ತೆ, ಡಿಗ್ರಿ ಕೇಳುತ್ತೆ, ವೀಸಾ ಆಗೋದಕ್ಕೆ ವಾರಗಟ್ಟಲೆ ಸತಾಯಿಸುತ್ತೆ. ಟೈಪಿಂಗ್ ಸ್ಪೀಡ್ ಎಷ್ಟು ಅಂತ ಕೇಳಿ ನಾಡಿದ್ದೇ ಹೊರಡಿ ಅನ್ನೋದು ಶಾಲೆ ಅಲ್ಲ.

ಬಿ.ಎಡ್ ಇದೆ ಅನ್ನೋರಿಗೆ: ಗಲ್ಫ್

ದುಡ್ಡು ಉಳಿಸೋದೇ ಗುರಿ ಆಗಿದ್ರೆ, ಬಿ.ಎಡ್ ಜೊತೆ ಎರಡು ವರ್ಷ ಇಲ್ಲೇ ಪಾಠ ಮಾಡಿದ ಅನುಭವ ಇದ್ರೆ, ತಲೆ ಕೆಡಿಸ್ಕೊಳ್ಳದೇ ಗಲ್ಫ್ ನೋಡಿ. ಅಲ್ಲಿ ಸಿಬಿಎಸ್‌ಇ ಶಾಲೆಗಳಿವೆ, ಪಾಠ ಮಾಡೋ ಪುಸ್ತಕ ಎನ್‌ಸಿಇಆರ್‌ಟಿಯದ್ದೇ, ಪ್ರಿನ್ಸಿಪಾಲ್ ಕೇರಳದವರೋ ನಮ್ಮ ಮಂಗಳೂರಿನವರೋ ಆಗಿರ್ತಾರೆ, ಪಾಸ್‌ಪೋರ್ಟಿನ ಬಣ್ಣ ನೋಡಿ ಯಾರೂ ಮೂಗು ಮುರಿಯಲ್ಲ. ಕರಾವಳಿಯವರಿಗೆ ಇದು ಹೊಸದಲ್ಲ, ಮಂಗಳೂರಿಂದ ನೇರ ವಿಮಾನ ಇದೆ, ಮನೆಗೊಬ್ಬರು ಅಲ್ಲಿದ್ದಾರೆ.

ಆದ್ರೆ ದುಬೈ ಅಂದ ತಕ್ಷಣ ಬಾಯಿ ಬಿಡಬೇಡಿ. ಸಾಧಾರಣ ಭಾರತೀಯ ಶಾಲೇಲಿ ಹೊಸಬರಿಗೆ ಮೂರು ಸಾವಿರದಿಂದ ಐದು ಸಾವಿರ ದಿರ್ಹಂ ಆಸುಪಾಸು, ಮನೆ ಶಾಲೆಯದ್ದಾ ನಿಮ್ಮದಾ ಅನ್ನೋದರ ಮೇಲೆ ಎಲ್ಲ ನಿಂತಿದೆ. ಮನೆ ಕೊಡದ ನಾಲ್ಕು ಸಾವಿರಕ್ಕಿಂತ ಮನೆ ಕೊಡೋ ಮೂರು ಸಾವಿರ ಎಷ್ಟೋ ವಾಸಿ. ಇನ್ನೊಂದು ಗುಟ್ಟು, ಅಷ್ಟೇನೂ ಗುಟ್ಟಲ್ಲ, ಗಂಡನ ವೀಸಾದಲ್ಲಿ ಅಲ್ಲೇ ಇರೋ ಹೆಣ್ಣುಮಕ್ಕಳನ್ನ ಶಾಲೆಗಳು ಇಷ್ಟಪಟ್ಟು ತಗೋತವೆ, ಯಾಕಂದ್ರೆ ಮನೆ, ವೀಸಾ, ಟಿಕೆಟ್ ಖರ್ಚು ಉಳಿಯುತ್ತೆ. ಇಲ್ಲಿಂದ ಹೋಗೋ ಒಂಟಿ ಗಂಡಸು ಇಂಗ್ಲಿಷ್ ಮೇಷ್ಟ್ರು ಅವರ ಜೊತೆ ಪೈಪೋಟಿ ಮಾಡಬೇಕು. ಕಾಂಟ್ರಾಕ್ಟಲ್ಲಿ ಬೇಸಿಕ್ ಎಷ್ಟು ಅಂತ ನೋಡಿ, ಒಟ್ಟು ಎಷ್ಟು ಅಂತ ಮಾತ್ರ ಅಲ್ಲ, ಯುಎಇಯಲ್ಲಿ ಬಿಟ್ಟು ಬರುವಾಗ ಸಿಗೋ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕ.

ದೂರಶಿಕ್ಷಣದ ಡಿಗ್ರಿಗೆ ಗಲ್ಫಲ್ಲಿ ತಕರಾರು ಬರೋದುಂಟು. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, ಆ ಅವಧಿಯಲ್ಲಿ ಸೇರಿದವರು ಅರ್ಜಿ ಹಾಕೋಕೆ ಮುಂಚೆನೇ ಶಾಲೆಯವರ ಹತ್ರ ಕೇಳ್ಕೊಳ್ಳೋದು ಒಳ್ಳೇದು.

ಮಾಲ್ಡೀವ್ಸ್ ಬಗ್ಗೆ ನಮ್ಮವರು ಕಮ್ಮಿ ಯೋಚಿಸ್ತಾರೆ. ಅಲ್ಲಿ ಪಾಠ ನಡೆಯೋದೇ ಇಂಗ್ಲಿಷಲ್ಲಿ, ದ್ವೀಪ ದ್ವೀಪದ ಶಾಲೆಗಳಲ್ಲಿ ಭಾರತದ ಟೀಚರ್‌ಗಳು ದಶಕಗಳಿಂದ ಇದ್ದಾರೆ, ರಜೆ ಶುಕ್ರವಾರ ಶನಿವಾರ. ಮಾಲೆ ಬಿಟ್ಟು ದೂರದ ದ್ವೀಪಕ್ಕೆ ಹಾಕಿದ್ರೆ ಖರ್ಚು ಮಾಡೋಕೆ ಅಂಗಡಿನೇ ಇಲ್ಲ, ಹಾಗಾಗಿ ಸಂಬಳ ಉಳಿಯುತ್ತೆ, ಒಂಟಿತನ ತಡ್ಕೊಳ್ಳೋ ಶಕ್ತಿ ಇರಬೇಕು ಅಷ್ಟೇ. ಸಂಬಳ ಕೊಡೋದು ಅಲ್ಲಿನ ದುಡ್ಡು ರುಫಿಯಾದಲ್ಲಿ, ಡಾಲರ್ ಅಭಾವ ಇರೋದ್ರಿಂದ ಬ್ಯಾಂಕಲ್ಲಿ ತಿಂಗಳಿಗೆ ಇಂತಿಷ್ಟೇ ಊರಿಗೆ ಕಳಿಸಬಹುದು ಅನ್ನೋ ಮಿತಿ ಹಾಕ್ತಾರೆ. ಊರಲ್ಲಿ ಮನೆ ಸಾಲದ ಕಂತು ಇರೋರು ಆ ಮಿತಿ ಈಗ ಎಷ್ಟಿದೆ ಅಂತ ಅಲ್ಲಿರೋರನ್ನ ವಿಚಾರಿಸದೇ ಸಹಿ ಹಾಕಬೇಡಿ.

ಸೆಲ್ಟಾ ಮಾಡೋದಾ, ಆನ್‌ಲೈನ್ ಟೆಫಲ್ಲಾ, ಬಿ.ಎಡ್ಡಾ

ಬಿ.ಎಡ್ ಈಗ ಎರಡು ವರ್ಷ, ಆದ್ರೆ ಗಲ್ಫು, ಮಾಲ್ಡೀವ್ಸು, ಥೈಲ್ಯಾಂಡು ಎಲ್ಲ ಕಡೆ ಬೆಲೆ ಇದೆ, ವಾಪಸ್ ಬಂದ್ರೆ ಇಲ್ಲೂ ಇದೆ. ವಯಸ್ಸು ಇಪ್ಪತ್ತೆರಡು ಇಪ್ಪತ್ಮೂರು ಇರೋರಿಗೆ ನಾನು ಕಣ್ಣುಮುಚ್ಚಿ ಹೇಳೋದು ಬಿ.ಎಡ್. ಸೆಲ್ಟಾ ಅನ್ನೋ ಇಂಗ್ಲಿಷ್ ಟೀಚರ್ ತರಬೇತಿ ಕೇಂಬ್ರಿಜ್‌ನವರದ್ದು, ಫುಲ್ ಟೈಮ್ ಮಾಡಿದ್ರೆ ನಾಲ್ಕು ವಾರ, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಬೇಕು, ಹಿಂದೆ ಕೂತ ಟ್ರೈನರ್ ತಪ್ಪೆಲ್ಲ ಬರ್ಕೊಳ್ತಾರೆ, ಲಕ್ಷದ ಮೇಲೆ ಖರ್ಚು. ವಿಯೆಟ್ನಾಂ ಸೆಂಟರ್ ಕೆಲಸಕ್ಕೆ ಅದು ಒಳ್ಳೇ ಹತಾರ. ಕೆಲವೇ ಸಾವಿರಕ್ಕೆ ಸಿಗೋ 120 ಗಂಟೆಯ ಆನ್‌ಲೈನ್ ಟೆಫಲ್ ವೀಸಾ ಫೈಲಿಗೆ ಒಂದು ಹಾಳೆ ಅಷ್ಟೇ, ಅದರಿಂದ ಪಾಠ ಮಾಡೋದು ಬರಲ್ಲ. ಬೆಂಗಳೂರು ಜ್ಞಾನಭಾರತಿ ಕ್ಯಾಂಪಸ್ಸಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಸರ್ಕಾರಿ ಶಾಲೆ ಮೇಷ್ಟ್ರುಗಳಿಗೆಲ್ಲ ಗೊತ್ತು, ಇಂಗ್ಲಿಷನ್ನ ಎರಡನೇ ಭಾಷೆಯಾಗಿ ಕಲಿಸೋದು ಹೇಗೆ ಅಂತ ಅಲ್ಲಿ ಕಲಿತವರು ಡೆಮೋ ಕ್ಲಾಸಲ್ಲಿ ಎದ್ದು ಕಾಣ್ತಾರೆ.

ಕಾಗದ ಪತ್ರ: ಇಲ್ಲೇ ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು

ನಮ್ಮ ಕಡೆಯವರಿಗೆ ಒಂದು ತೊಂದರೆ ಇದೆ, ಇನಿಷಿಯಲ್ಲು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಮಂಜುನಾಥ ಎಚ್.ಎಸ್ ಅಂತಿರುತ್ತೆ, ಡಿಗ್ರೀಲಿ ಎಚ್.ಎಸ್ ಮಂಜುನಾಥ್, ಪಾಸ್‌ಪೋರ್ಟಲ್ಲಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಮಾರುದ್ದ. ಹೊರದೇಶದ ಗುಮಾಸ್ತನ ಕಣ್ಣಿಗೆ ಇವರು ಮೂರು ಜನ. ನೋಟರಿ ಹತ್ರ ಮೂರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಿ, ಆಗೋ ಹಾಗಿದ್ರೆ ಪಾಸ್‌ಪೋರ್ಟಿನ ಹೆಸರನ್ನೇ ಮೊದಲು ಸರಿ ಮಾಡಿಸ್ಕೊಳ್ಳಿ.

ಎರಡನೇದು, ಪ್ರಾವಿಷನಲ್ ಸರ್ಟಿಫಿಕೇಟ್ ಇಟ್ಕೊಂಡು ವರ್ಷಾನುಗಟ್ಟಲೆ ಓಡಾಡೋ ನಮ್ಮ ಅಭ್ಯಾಸ. ಅಟೆಸ್ಟೇಷನ್ನಿಗೆ, ಅಂದ್ರೆ ಸರ್ಕಾರದ ಸೀಲು ಹಾಕಿಸಿ ದೃಢೀಕರಿಸ್ಕೊಳ್ಳೋಕೆ, ಘಟಿಕೋತ್ಸವದ ಮೂಲ ಪದವಿ ಪತ್ರ ಬೇಕು, ಯೂನಿವರ್ಸಿಟಿಗೆ ಹೋಗಿ ಇವತ್ತೇ ಅರ್ಜಿ ಕೊಡಿ. ಕೈಗೆ ಬಂದ ಖುಷೀಲಿ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಸೀಲು ಬೀಳೋದು ಅದರ ಹಿಂಭಾಗದಲ್ಲಿ, ಪ್ಲಾಸ್ಟಿಕ್ ಕೀಳೋಕೆ ಹೋಗಿ ಅಕ್ಷರ ಕಿತ್ತು ಬಂದಿರೋದನ್ನ ನಾನು ನೋಡಿದ್ದೀನಿ.

ಸೀಲುಗಳ ಸಾಲು ಹೀಗೆ: ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣ, ಆಮೇಲೆ ಕೇಂದ್ರದ ವಿದೇಶಾಂಗ ಇಲಾಖೆ. ಒಮಾನ್, ಬಹ್ರೇನ್, ಸೌದಿ, ಜಪಾನ್ ಥರ ಅಪೋಸ್ಟಿಲ್ ಒಪ್ಪಂದದಲ್ಲಿರೋ (ಒಂದೇ ಸೀಲನ್ನ ಸದಸ್ಯ ದೇಶಗಳು ಒಪ್ಪೋ ವ್ಯವಸ್ಥೆ) ದೇಶಕ್ಕಾದ್ರೆ ಅಪೋಸ್ಟಿಲ್ ಸ್ಟಿಕ್ಕರ್ ಬಿದ್ರೆ ಮುಗೀತು. ಯುಎಇ, ಕುವೈತ್, ಕತಾರ್ ಆ ಒಪ್ಪಂದದಲ್ಲಿಲ್ಲ, ಅಲ್ಲಿಗೆ ರಾಯಭಾರ ಕಚೇರಿಯ ಸೀಲೂ ಬೇಕು, ಖರ್ಚು ಏರೋದು ಅಲ್ಲೇ. ಅಪೋಸ್ಟಿಲ್‌ಗೆ ಸರ್ಕಾರದ ಫೀ ಒಂದು ದಾಖಲೆಗೆ 50 ರೂಪಾಯಿ, ಅದರ ಮೇಲೆ ಅರ್ಜಿ ತಗೊಳ್ಳೋ ಅಧಿಕೃತ ಏಜೆನ್ಸಿಯ ಸಣ್ಣ ಸರ್ವಿಸ್ ಚಾರ್ಜ್. ಇದು ಗೊತ್ತಿಲ್ಲದೇ ಒಂದು ಡಿಗ್ರಿಗೆ ಎಂಟು ಹತ್ತು ಸಾವಿರ ಕೊಡೋರಿದ್ದಾರೆ. ಓಡಾಡೋಕೆ ಆಗಲ್ಲ ಅಂದ್ರೆ ಕೊಡಿ, ಬೇಡ ಅನ್ನಲ್ಲ, ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಸ್ಕೊಳ್ಳಿ.

ಪೊಲೀಸ್ ಕ್ಲಿಯರೆನ್ಸ್ ಎರಡು ಥರ ಸಿಗುತ್ತೆ. ಹೊರದೇಶಕ್ಕೆ ಬೇಕಾಗಿರೋದು ಪಾಸ್‌ಪೋರ್ಟ್ ಸೇವಾ ಮೂಲಕ 500 ರೂಪಾಯಿ ಕಟ್ಟಿ ತಗೊಳ್ಳೋದು, ಸ್ಟೇಷನ್ನಿಂದ ಬಾಡಿಗೆದಾರರಿಗೆ, ಕಂಪನಿ ಕೆಲಸಕ್ಕೆ ಕೊಡೋದು ಅಲ್ಲ. ಇದಕ್ಕೂ ಸಾಮಾನ್ಯವಾಗಿ ಆರು ತಿಂಗಳ ಆಯಸ್ಸು, ಹಾಗಾಗಿ ಡಿಗ್ರಿ ಸೀಲು ಮೊದಲು, ಇದು ಕೊನೆಗೆ.

ಏಜೆಂಟ್ ಮೂಲಕ ಹೋಗೋದಾದ್ರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಅವರ ಹೆಸರು ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತಗೋಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಅಂತ ಮಿತಿ ಇದೆ. ನನಗೆ ಗೊತ್ತಿರೋ ಚಿಕ್ಕಮಗಳೂರು ಕಡೆ ಹುಡುಗಿಗೆ ಒಬ್ಬರು ಒಂದೂವರೆ ಲಕ್ಷ ಕೇಳಿದ್ರು, ರಸೀದಿ ಕೊಡ್ತೀರಾ ಸರ್ ಅಂತ ಅವಳು ಕೇಳಿದ್ದೇ ತಡ, ಆ ಕಡೆಯಿಂದ ಫೋನೇ ಬರಲಿಲ್ಲ.

ಹೊರಡೋ ಕಾಲದ ಲೆಕ್ಕಾನೂ ಬೇರೆ ಬೇರೆ. ಗಲ್ಫಿನ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ಗೆ ಶುರು, ಇಂಟರ್‌ವ್ಯೂ ಜನವರಿಯಿಂದ ಮಾರ್ಚ್, ಅಂದ್ರೆ ಡಿಗ್ರಿ ಸೀಲಿನ ಕೆಲಸ ದೀಪಾವಳಿ ಹೊತ್ತಿಗೆ ಮುಗಿದಿರಬೇಕು. ಥೈಲ್ಯಾಂಡಲ್ಲಿ ಶಾಲೆ ಮೇ ಮಧ್ಯಕ್ಕೆ, ಫೆಬ್ರವರಿಯಿಂದ ಏಪ್ರಿಲ್ ತನಕ ಜಾಹೀರಾತು ನೋಡ್ತಿರಿ, ಎರಡನೇ ಟರ್ಮ್ ನವೆಂಬರ್‌ಗೆ, ಅದಕ್ಕೆ ಸೆಪ್ಟೆಂಬರ್ ಅಕ್ಟೋಬರ್. ವಿಯೆಟ್ನಾಂ ಸೆಂಟರ್‌ಗಳು ವರ್ಷಪೂರ್ತಿ ತಗೋತವೆ, ಫೆಬ್ರವರಿ ಹತ್ತಿರದ ಅವರ ಹೊಸ ವರ್ಷ ತೇತ್ ಸಮಯದಲ್ಲಿ ಮಾತ್ರ ಯಾರೂ ಫೋನ್ ಎತ್ತಲ್ಲ. ಎಲ್ಲಿಗೇ ಹೋದ್ರೂ ಮೊದಲ ಸಂಬಳ ಬರೋದು ತಿಂಗಳು ಕಳೆದ ಮೇಲೆ, ಮನೆ ಓನರ್ ಎರಡು ತಿಂಗಳ ಅಡ್ವಾನ್ಸ್ ಕೇಳೋದು ಮೊದಲ ವಾರದಲ್ಲಿ, ಅದಕ್ಕೆ ಥೈಲ್ಯಾಂಡ್-ವಿಯೆಟ್ನಾಂ ಕಡೆ ಹೋಗೋರು ಟಿಕೆಟ್ ಬಿಟ್ಟು ಒಂದು ಲಕ್ಷ ರೂಪಾಯಿ ಆದ್ರೂ ಕೈಲಿಟ್ಕೊಂಡೇ ಹೊರಡಿ, ಮನೆ ಕೊಡೋ ಗಲ್ಫ್ ಶಾಲೆಗೆ ಹೋಗೋರಿಗೆ ಅದರಲ್ಲಿ ಅರ್ಧ ಸಾಕು.